ಅಕ್ಕುತಾಯಿ ಲಿವರಿನ ಕಾರಭಾರ

ನಮ್ಮ ನಾದಿನಿ ಅಕ್ಕುತಾಯಿ ಅಕ್ಕಾರ ಸುದ್ದಿ ಹೇಳಬೇಕಂದ್ರ ಮೊದಲ ಅವರ ದನಿ ಸುದ್ದಿ ಹೇಳಬೇಕು. ಶಿರಗುಪ್ಪಿ ಕಬ್ಬಿನ ಹೊಲದಾಗ ಕಳೆ ತೆಗಿಯೋ ಹೆಣ್ಣಾಳ ಟೋಳಿಗೆ ಅವರ ಮುಕಾದಮ, ನಿಂತು ಕೆಲಸ ಮಾಡಸಾವ್ರು. ಬದುವಿನ ಮ್ಯಾಲ ನಿಂತು, “ಏ ನೀಲಮ, ಬಾಯಿ ಸಾಕು, ಕೈ ನಡಸ ಬೇ!” ಅಂತ ಒದರಿದ್ರ ಬಾಜೂ ಹೊಲದಾಗ ಸುಮ್ಮ ಕುಂತ ಮಂದಿನೂ ಬಗ್ಗಿ ಕಳೆ ಕೀಳಾಕ ಹತ್ತತಾರ. ಲಗ್ನಾಗಿ ಬಂದ ಹೊಸದಾಗ ನಾನೂ ಹಂಗ ಬಗ್ಗಿದಾಕಿ, ಇನ್ನೂ ಪೂರಾ ನೆಟ್ಟಗ ನಿಂತಿಲ್ಲ.

ಅವರ ತಮ್ಮನ ನನ್ನ ಗಂಡ. ಹೆಸರು ನಾ ಬಾಯಿಲೆ ಹೇಳೂದಿಲ್ಲ. ದವಾಖಾನಿ ಚೀಟ್ಯಾಗ ರಾಜಾರಾಮ ಅಂತ ಐತಿ, ಹಂಗ ತಿಳ್ಕೋರಿ. ನಮ್ಮ ಏಕಸಂಬಿಯಿಂದ ಫ್ಯಾಕ್ಟರಿಗೆ ಕಬ್ಬಿನ ಟ್ರ್ಯಾಕ್ಟರ್ ಹೊಡಿತಿದ್ರು, ಮತ್ತ ಹಗಲೂ ರಾತ್ರಿ ಕುಡಿತಿದ್ರು. ನಾ ಏನರ ಅಂದ್ರ, “ನನಗೇನ ನೋವ ಐತೇನ, ನೂಸಾಕತ್ತೈತೇನ? ನೂಸಲಾರದ ಅದೆಂಥಾ ರೋಗ ಬೇ?” ಅನ್ನವರು. ಖರೇನ, ನೂಸಲಿಲ್ಲ. ಕಣ್ಣು ಹಳದಿ ಆದವು, ನೂಸಲಿಲ್ಲ. ಹೊಟ್ಟ್ಯಾಗ ನೀರು ತುಂಬಿ ಅಂಗಿ ಗುಂಡಿ ಹರದವು, ಆವಾಗೂ ನೂಸಲಿಲ್ಲ. ಆಮ್ಯಾಗ ದವಾಖಾನ್ಯಾಗ ತಿಳೀತು: ಲಿವರಿನ ಒಳಗ ನೋವು ಹೇಳೋ ನರ ಇರೂದಿಲ್ಲಂತ, ಮ್ಯಾಲಿನ ತೆಳ್ಳನ ಪರದೆಕ್ಕ ಅಷ್ಟ ಇರ್ತಾವಂತ. ಕುಡದು ಕುಡದು ಅದು ಗಂಟಗಂಟಾಗಿ ಗಟ್ಟಿ ಆದಂಗ, ಆ ಗಂಟಿನೊಳಗ ಬ್ಯಾರೆ ಯಾವ ನರಾನೂ ಹೊಗೂದಿಲ್ಲಂತ. ಒಳಗ ಮನಿ ಸುಡಾಕತ್ತಿದ್ರೂ ಹೊರಗ ಬಂದು ಒದರಾವ್ರು ಯಾರೂ ಇಲ್ಲ ಅಂದಂಗ ಆತು.

ಬ್ಯಾರೆ ಲಿವರ್ ಹಾಕೂದ ಅಂತ ಆತು. ನನ್ನ ರಕ್ತದ ಗುಂಪು ಕೂಡಲಿಲ್ಲ, ಅಕ್ಕಾರದು ಕೂಡತು. ಡಾಕ್ಟರು, “ಸಾವಕಾಶ ವಿಚಾರ ಮಾಡ್ರಿ, ಅಂಜಿಕಿ ಇದ್ರ ಬ್ಯಾಡ ಅನ್ರಿ” ಅಂದ್ರು. ಅಕ್ಕಾರು, “ಅರ್ಧಾ ತಗೀತೀರೋ ಮುಕ್ಕಾಲೋ? ಲಗೂ ಹೇಳ್ರಿ, ಅಲ್ಲಿ ನನ್ನ ಟೋಳಿ ಖಾಲಿ ಕುಂತೈತಿ” ಅಂದ್ರು. ನಾ ಅವರ ಕಾಲ ಹಿಡಕೊಂಡು ಭೋರ್ಯಾಡಿ ಅತ್ತೆ. “ಏಳ ಬೇ, ಕಾಲ ತೊಳದಿಲ್ಲ” ಅಂದ್ರು. ಇಂಥಾ ಬಾಯಿಗೆ ದೇವರು ಇಂಥಾ ಎದಿ ಯಾಕ ಕೊಟ್ಟನೋ, ನನಗ ಇವತ್ತಿಗೂ ತಿಳಿದಿಲ್ಲ.

ಆಪರೇಷನ್ ಆತು. ಇವರು ಕಣ್ಣ ತೆರದ ಮ್ಯಾಲ, ಅಕ್ಕಾರನ್ನ ಗಾಲಿ ಖುರ್ಚಿ ಮ್ಯಾಲ ಕುಂಡ್ರಿಸಿ ಭೇಟಿ ಮಾಡಸಾಕ ಕರಕೊಂಡ ಬಂದ್ರು. ತಮ್ಮ ಬದಕ್ಯಾನಂತ ಅಳತಾರ ಅಂತ ನಾ ಸೆರಗ ಮುಂದ ಹಿಡಕೊಂಡ ನಿಂತಿದ್ದೆ. ಅಕ್ಕಾರು ಬೆರಳ ತೋರಿಸಿ, “ಲೇ ರಾಜ್ಯಾ! ನಿನ್ನ ಹೊಟ್ಟ್ಯಾಗ ಈಗ ನನ್ನ ಲಿವರ್ ಐತಿ. ಒಂದ ಹನಿ ಮುಟ್ಟಿದ್ರೂ ಅದು ನನಗ ಸುದ್ದಿ ಮುಟ್ಟಸ್ತೈತಿ, ನೆನಪಿಟ್ಕೋ!” ಅಂದ್ರು. ಇವರ ಮಾರಿ ಬೆಳ್ಳಗ ಆತು. ಪೂರಾ ನಂಬಿದ್ರು!

ಅಲ್ಲಿಂದ ಸುರು ಆತು ನೋಡ್ರಿ ಕಾರಭಾರ. ಇವರು ಟ್ರ್ಯಾಕ್ಟರ್ ಬಿಟ್ಟು ಊರಾಗ ಪಂಚರ್ ಅಂಗಡಿ ಹಾಕಿದ್ರು. ಅಲ್ಲಿ ಶಿರಗುಪ್ಪ್ಯಾಗ ಅಕ್ಕಾರು ರೊಟ್ಟಿ ಜೋಡಿ ಹಸಿಮೆಣಸಿನಕಾಯಿ ಕಡದು ಫೋನ್ ಮಾಡವರು: “ಉರದತೇನೋ?” ಇವರು ಕೈಯಾಗಿನ ಟ್ಯೂಬ್ ಕೆಳಗ ಇಟ್ಟು, ಹೊಟ್ಟಿ ಮ್ಯಾಲ ಕೈ ಆಡಿಸಿ, ಭಾಳ ವಿಚಾರ ಮಾಡಿ, “ಹೂಂ ಅಕ್ಕಾ, ಸ್ವಲ್ಪ ಉರದಂಗ ಆತು” ಅನ್ನವರು. ನಾ ಒಳಗ ಹೋಗಿ ಬಾಯಾಗ ಸೆರಗ ತುರುಕ್ಕೊಂಡ ನಗತಿದ್ದೆ.

ನಗಿ ಒಂದ ಕಡೆ ಇರಲಿ. ಮತ್ತ ಕುಡದ್ರ ಈ ಲಿವರೂ ಹೋಗ್ತೈತಿ, ಇನ್ನೊಂದು ಸಿಗೂದಿಲ್ಲ ಅಂತ ಡಾಕ್ಟರು ನನಗ ಕುಂಡ್ರಿಸಿಕೊಂಡ ಹೇಳಿದ್ರು. ಅದಕ್ಕ ನಾನೂ ಅಕ್ಕಾರ ಟೋಳಿ ಸೇರಿದೆ. ಇವರ ಹಳೇ ಕುಡುಕ ದೋಸ್ತ ಭೀಮಸಿ ಅಂಗಡಿಗೆ ಬಂದು, “ಒಂದ ಗುಟುಕಿಗೆ ಏನಾಗ್ತೈತೋ ದೋಸ್ತಾ” ಅಂತ ಕಿವ್ಯಾಗ ಊದಾಕ ಹತ್ತಿದ್ರ, ನಾ ಒಳಗಿಂದ ಶಿರಗುಪ್ಪಿಗೆ ಒಂದ ಮಿಸ್ ಕಾಲ್ ಕೊಡತಿದ್ದೆ. ಮರುಗಳಿಗಿ ಇವರ ಫೋನ್ ಬಡಕೋತಿತ್ತು: “ಲೇ, ಏನ್ ನಡಸಿ ಅಲ್ಲಿ? ನನ್ನ ಬಲಬಾಜೂಕ ಚುಟುಚುಟು ಅನ್ನಾಕತ್ತೈತಿ!” ಭೀಮಸಿ ಒಮ್ಮೆ ಚಪ್ಪಲಿ ಬಿಟ್ಟು ಓಡಿದ. ಇವರ ಹೊಟ್ಟ್ಯಾಗ ದೆವ್ವ ಹೊಕ್ಕೈತಿ ಅಂತ ಊರೆಲ್ಲ ಹೇಳಕೋತ ತಿರಗ್ಯಾನ.

ಮೊನ್ನಿ ತಪಾಸಣಿಗೆ ಅಂತ ಮೂರೂ ಮಂದಿ ನಿಪ್ಪಾಣಿಗೆ ಹೋದ್ವಿ. ಆಪರೇಷನ್ ಮಾಡಿದ ದೊಡ್ಡ ದವಾಖಾನಿ ಡಾಕ್ಟರು ತಿಂಗಳಿಗೊಮ್ಮೆ ಅಲ್ಲಿ ಬಂದು ಕುಂಡ್ರತಾರ. ಈ ಸಲ ಹೊಸಬರು ಬಂದಿದ್ರು. ಶ್ರೇಣಿಕ ಅಂತ ಹೆಸರು, ಎಳೇ ಪ್ರಾಯ, ಕೇಳಿದ್ದು ಕೇಳಲಾರದ್ದು ಎಲ್ಲಾ ಬಿಡಿಸಿ ಹೇಳೋ ಹುರುಪು. ರಿಪೋರ್ಟ್ ಭೇಷ್ ಅದಾವ ಅಂದ್ರು. ನಾವು ಏಳಬೇಕು, ಅಷ್ಟರಾಗ ಇವರು ಬಾಯಿ ತೆರದ್ರು. ಆ ಭೀಮಸೀನ ಇವರ ತಲ್ಯಾಗ ಹುಳ ಬಿಟ್ಟಿರಬೇಕು.

“ಡಾಕ್ಟರ್ ಸಾಹೇಬ್ರ, ಈಗ ನಾ ಇಲ್ಲಿ ಏನರ ತಿಂದ್ರ, ಕುಡದ್ರ, ಅಕ್ಕನ ಹೊಟ್ಟಿಗೆ ಗೊತ್ತಾಕ್ಕೈತಲ್ಲರಿ?”

ಅಕ್ಕಾರು ಡಾಕ್ಟರಗೆ ಕಣ್ಣ ಹೊಡದ್ರು. ಡಾಕ್ಟರು ಅವರ ಕಣ್ಣಿಗೆ ಬ್ಯಾಟರಿ ಹಾಕಿ ನೋಡಿದ್ರು. ನಾ ಕೆಮ್ಮಿದೆ. ನನಗ ಗೋಳಿ ಬರದುಕೊಟ್ರು. ಆಮ್ಯಾಗ ಹಾಳಿ ತಗೊಂಡು ಚಿತ್ರ ತಗದು, ಸಾವಕಾಶ, ಚೊಲೋತ್ನಂಗ ತಿಳಿಸಿ ಹೇಳಿದ್ರು.

“ಹಂಗೇನಿಲ್ರಿ. ರಕ್ತದ ನಾಳ ಹೊಲಿತೀವಿ, ಪಿತ್ತದ ನಾಳ ಕೂಡಸ್ತೀವಿ. ನರ ಕಡದದ್ದು ಕಡದಂಗ, ಅದನ್ನ ಯಾರೂ ಹೊಲಿಯೂದಿಲ್ಲ. ಆದ್ರೂ ಲಿವರ್ ತನ್ನ ಕೆಲಸ ತಾ ಮಾಡಕೋತ ಹೋಗ್ತೈತಿ, ಅದಕ್ಕ ಯಾರ ಹುಕುಮೂ ಬೇಕಾಗಿಲ್ಲ. ವರ್ಷಗಟ್ಟಲೆ ಆದ ಮ್ಯಾಲ ಒಂದಿಷ್ಟು ನರ ಚಿಗೀತಾವ, ಅವೂ ನಿಮ್ಮ ಮೈಯಾನುವ. ನಿಮ್ಮ ಅಕ್ಕಾರಿಗೂ ಅದಕ್ಕೂ ಸಂಬಂಧನ ಇಲ್ಲ.”

ಹುಕುಮ್ ಬೇಕಾಗಿಲ್ಲ ಅಂದಿದ್ದು ಕೇಳಿ ಅಕ್ಕಾರ ಬಾಯಿ ತೆರದದ್ದು ಮುಚ್ಚಲಿಲ್ಲ, ಮಾತೂ ಹೊರಡಲಿಲ್ಲ. ನನ್ನ ಜನ್ಮದಾಗ ಅವರು ಸುಮ್ಮಾದದ್ದು ಅವತ್ತ ನೋಡಿದ್ದು. ಇವರು ಮಾತ್ರ “ಹಂಗೇನ್ರಿ” ಅಂತ ಮೆಲ್ಲಕ ಅಂದು ಎದ್ರು.

ಬಸ್ ಸ್ಟ್ಯಾಂಡಿಗೆ ಬಂದ್ವಿ. “ನೀರಿನ ಬಾಟ್ಲಿ ತರ್ತೇನಿ” ಅಂತ ಹೋದವರು ಬರಲೇ ಇಲ್ಲ. ನಾವು ಹತ್ತಬೇಕಾಗಿದ್ದ ಚಿಕ್ಕೋಡಿ ಬಸ್ ಬಂದು ಹೋತು. ಅಕ್ಕಾರು ಕಟ್ಟಿ ಮ್ಯಾಲ ಕುಂತು ಹೊಟ್ಟಿ ಹಿಡಕೊಂಡ್ರು. “ಹೋದ ಬೇ ಭಾಗ್ಯಾ. ನನ್ನ ತಮ್ಮ ಕೈಬಿಟ್ಟ ಹೋದ.”

“ಫೋನ್ ಮಾಡ್ರಿ ಅಕ್ಕಾರ!”

“ಏನಂತ ಮಾಡ್ಲಿ? ಚುಟುಚುಟು ಅನ್ನಾಕತ್ತೈತಿ ಅನ್ಲೇನ? ನಗತಾನ.” ಅಷ್ಟ ಅಂದು, ಒಮ್ಮಿಗ್ಲೆ ಸೀರಿ ನಿರಗಿ ಎತ್ತಿ ಕಟ್ಟಿ ಎದ್ದ ನಿಂತ್ರು. “ಬಾ, ಎಲ್ಲಿ ಹೊಕ್ಕಾನೋ ಎಳದು ತರೂಣು.”

ಎದುರಿಗೆ ಇದ್ದ ಬಾರಿನ್ಯಾಗ ಗಾಳಿಗತೆ ನುಗ್ಗಿದ್ರು. ಮೇಜಿನ ಬುಡಕ ಬಗ್ಗಿ ನೋಡಿದ್ರು, ಪರದೆ ಎತ್ತಿ ನೋಡಿದ್ರು. ಒಬ್ಬ ಅಜ್ಜನ ಗ್ಲಾಸ್ ಕಸಗೊಂಡು, “ನನ್ನ ತಮ್ಮ ಎಲ್ಲ್ಯದಾನ ಹೇಳೋ!” ಅಂತ ಒದರಿದ್ರು. ಆ ಅಜ್ಜ ಕೈ ಮುಗದು, “ನಾನ ನಿನ್ನ ತಮ್ಮ ಅಂತ ತಿಳಕೋ ತಾಯಿ, ಗ್ಲಾಸ್ ಅಷ್ಟ ಕೊಡು” ಅಂದ. ಅಂಥಾ ಹೊತ್ತಿನ್ಯಾಗೂ ನನಗ ನಗಿ ತಡಿಲಿಲ್ಲ, ಜೋಡಿನ ಅಳೂನೂ ಬಂತು. ಮಾಲಕ “ಗಪ್ ಬಸಾ ಬಾಯಿ” ಅಂತ ಮರಾಠ್ಯಾಗ ಅಂದ. ಅಂವಗ ಮರಾಠ್ಯಾಗ ಎಷ್ಟ ಬೈದ್ರಂದ್ರ, ಅಂವಾನ ಗಪ್ ಕುಂತ.

ಹೊರಗ ಬಂದು ಹಿಂದಿನ ಓಣಿಗೆ ತಿರಗಿದ್ವಿ. ಅಲ್ಲೊಂದು ವೈನ್ ಶಾಪ್. ಅದರ ಎದುರಿಗೆ, ರಸ್ತೆದ ಈ ಕಡೆ, ಲೈಟಿನ ಕಂಬಕ್ಕ ಆತಗೊಂಡು ನಿಂತಿದ್ರು ಇವರು. ಕೈಯಾಗ ಫೋನು. ಅಕ್ಕಾರು ಓಡಿ ಹೋಗಿ ಗದ್ದ ಹಿಡದು ಬಾಯಿ ಮೂಸಿದ್ರು. ಏನೂ ವಾಸನಿ ಇಲ್ಲ. ಆದ್ರ ಇವರ ಕಣ್ಣ ತುಂಬ ನೀರು, ಸಿಟ್ಟಿಲೆ ಮೂಗ ಕೆಂಪು.

“ಯಾಕ ಫೋನ್ ಮಾಡಲಿಲ್ಲ?” ಅಂತ ಅಕ್ಕನ ಮ್ಯಾಲ ಹರಿಹಾಯ್ದ್ರು. “ಎಷ್ಟೊತ್ತಾತು ಇಲ್ಲಿ ನಿಂತು! ಈಗ ಬರ್ತೈತಿ, ಈಗ ಬರ್ತೈತಿ ಅಂತ ಕಾದ ಕಾದ ಸಾಕಾತು ನನಗ!”

“ನರ ಕಡದೈತಿ ಅಂದ್ರಲ್ಲೋ ಡಾಕ್ಟರು…”

“ನರ ಕಡದ್ರ ಫೋನೂ ಕಡೀತೇನ?”

ಅಕ್ಕಾರು ಕಣ್ಣ ಒರಸಿಕೊಂಡು, ಇವರ ಮುಂದನ ನಿಂತು, ಚೀಲದಾಗಿನ ಫೋನ್ ತಗದು ಹಚ್ಚಿದ್ರು. ಇವರ ಕೈಯಾಗ ಫೋನ್ ಬಡಕೊಂತು. ಕಿವಿಗೆ ಇಟ್ಟುಕೊಂಡ್ರು.

“ಲೇ ರಾಜ್ಯಾ, ಎಲ್ಲಿ ಅದಿ?”

“ವೈನ್ ಶಾಪ್ ಮುಂದ ಅದೇನಿ ಅಕ್ಕಾ.”

“ಬಸ್ ಸ್ಟ್ಯಾಂಡಿಗೆ ಬಾ.”

“ಬಂದೆ.”

ಇಬ್ಬರೂ ಫೋನ್ ಕಿವಿಗೆ ಹಿಡಕೊಂಡ, ಒಬ್ಬರ ಬಾಜೂಕ ಒಬ್ಬರು ನಡದ್ರು. ಚೀಲ ಹೊತ್ತಕೊಂಡು ನಾ ಹಿಂದ. ಬಸ್ ಹತ್ತಿ ಒಂದ ಸೀಟಿನ್ಯಾಗ ಕುಂತ ಮ್ಯಾಲೂ ಕಟ್ ಮಾಡಲಿಲ್ಲ.