ಹಳ್ಳ ದಾಟುವವರೆಗೆ ಕಾದ ಡೋಲು

ಡೋಲು ಬಾರಿಸಲು ಕೋಲು ಎತ್ತಿದವನು ಹಾಗೆಯೇ ನಿಂತುಬಿಟ್ಟ. ಊರ ಗೌಡರು ಕೈ ಅಡ್ಡ ಹಿಡಿದಿದ್ದರು.

ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲ್ ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಬಣಕಲ್‌ವರೆಗೆ ಬಂದು, ಸುಗ್ಗಿ ಹಬ್ಬ ನೋಡಲು ಗುಡ್ಡದ ಮೇಲಿನ ಆ ಹಳ್ಳಿಗೆ ಹೋಗಿದ್ದೆ. ಡೋಲು ಬಾರಿಸಿ ಹಬ್ಬ ಸಾರಿದ ಮೇಲೆ, ಊರೊಳಗಿದ್ದವರು ಯಾರೇ ಆಗಲಿ, ಹಬ್ಬ ಮುಗಿಯುವ ತನಕ ಗಡಿಯ ಹಳ್ಳ ದಾಟುವಂತಿಲ್ಲ. ಬಳೆ ಮಾರಲು ಬಂದಿದ್ದ ಹುಸೇನ್ ಸಾಬರು ಇನ್ನೂ ಊರೊಳಗಿದ್ದರು. ಅವರ ಹೆಂಡತಿಗೆ ಹೆರಿಗೆ ನೋವು ಶುರುವಾಗಿದೆಯೆಂದು ಬಣಕಲ್‌ನಿಂದ ಆಗಷ್ಟೇ ಸುದ್ದಿ ಬಂದಿತ್ತು.

"ಓಡಿ ಸಾಬ್ರೇ, ನೀವು ಹಳ್ಳ ದಾಟಿದ ಮೇಲೇ ಸಾರೋದು," ಎಂದರು ಗೌಡರು.

ಸಾಬರು ಬಳೆಗಂಟು ಹೊತ್ತು ಓಡಿದರು. ಹಳ್ಳದ ಅಂಚಿಗೆ ಹೋದವರು ಥಟ್ಟನೆ ತಿರುಗಿ ಊರಿನತ್ತಲೇ ಓಡಿ ಬಂದರು. ಜನಕ್ಕೆಲ್ಲ ಗಾಬರಿ. ಅವರು ಗೌಡರ ಹೆಂಡತಿ ಪುಟ್ಟಮ್ಮನವರ ಮುಂದೆ ಕೂತು ಗಂಟು ಬಿಚ್ಚಿದರು.

"ಬೆಳಿಗ್ಗೆ ಹಸಿರು ಬಳೆ ಕೇಳಿದ್ರಲ್ಲ ಗೌಡ್ತಮ್ಮ. ಹಬ್ಬಕ್ಕೆ ಹಳೇ ಬಳೇಲಿ ಇರ್ತೀರಾ?"

"ಬಳೆ ತೊಡ್ಸೋಕೆ ಇದೇನಾ ಹೊತ್ತು? ಹೋಗು ಮಾರಾಯ, ಹೆಂಡ್ತಿ ಅಲ್ಲಿ ಒದ್ದಾಡ್ತಿದಾಳೆ!" ಎಂದು ಬೈಯುತ್ತಲೇ ಪುಟ್ಟಮ್ಮ ಕೈ ಚಾಚಿದರು.

ಬಳೆ ತೊಡಿಸಿ ಸಾಬರು ಮತ್ತೆ ಓಡಿದರು. ಆಚೆ ದಡದಿಂದ ಅವರು ಕೈಯಲ್ಲಿದ್ದ ಕೊಡೆ ಎತ್ತಿ ತೋರಿಸಿದ ಮೇಲೆ ಡೋಲಿಗೆ ಪೆಟ್ಟು ಬಿತ್ತು.

ಆ ಹಬ್ಬದ ಹಾಡು, ಕುಣಿತ ಈಗ ಅಷ್ಟಾಗಿ ನೆನಪಿಲ್ಲ. ಹಬ್ಬ ಮುಗಿದ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹಳ್ಳ ದಾಟಿದ ಪುಟ್ಟಮ್ಮ ನೆನಪಿದ್ದಾರೆ. ಬಾಣಂತಿಗೆಂದು ತುಪ್ಪದ ಗಡಿಗೆ ಹಿಡಿದ ಅವರ ಕೈ ತುಂಬ ಹಸಿರು ಬಳೆಗಳಿದ್ದವು.