ಒಂಬತ್ತನೇ ಮಹಡಿಯಿಂದ ಇಳಿದ ಬುಟ್ಟಿ

ನೇಪಲ್ಸಿನ ನಮ್ಮ ಗಲ್ಲಿ ಎಷ್ಟು ಕಿರಿದೆಂದರೆ, ಎದುರು ಮನೆಯವರು ಸೀನಿದರೆ ಈಚೆ ಮನೆಯವರು ಮೂಗು ಒರೆಸಿಕೊಳ್ಳಬೇಕು. ಆ ಗಲ್ಲಿಯ ನಾಲ್ಕನೇ ಮಹಡಿಯಲ್ಲಿ ದೊನ್ನಾ ರಫಿಲೀನಾ ಇದ್ದಾಳೆ. ಅವಳ ಕಂಠದ ವಿಷಯ ಹೇಳಿದರೆ ನೀವು ನಂಬುವುದಿಲ್ಲ. ಬೆಳಿಗ್ಗೆ ಅವಳು ಬ್ರೆಡ್ಡಿನವನನ್ನು ಒಮ್ಮೆ ಕೂಗಿದರೆ, ನಾನು ಹುಟ್ಟುವ ಮೊದಲಿನಿಂದ ಮಲಗೇ ಇರುವ ವೆಸೂವಿಯಸ್ ಜ್ವಾಲಾಮುಖಿ ಮಗ್ಗುಲು ಬದಲಿಸುತ್ತದೆ.

ಮದುವೆ, ಮಣ್ಣು, ಹಬ್ಬದ ಪೂಜೆ, ಇಷ್ಟಕ್ಕೆ ಬಿಟ್ಟರೆ ಅವಳು ಮೆಟ್ಟಿಲು ಇಳಿದವಳಲ್ಲ. ಇಳಿಯುವುದು ಅವಳ ಬುಟ್ಟಿ. ಹಗ್ಗ ಕಟ್ಟಿದ ಬೆತ್ತದ ಬುಟ್ಟಿ, ಅಜ್ಜಿಯ ಕಾಲದ್ದು. ಬ್ರೆಡ್ಡು, ಮೀನು, ಔಷಧಿ, ಒಮ್ಮೆ ಪಕ್ಕದ ಮನೆಯ ಬೆಕ್ಕು, ಎಲ್ಲವೂ ಅದರಲ್ಲೇ ಏರಿವೆ. ಎರಡನೇ ಮಹಡಿಯ ನನ್ನ ಕಿಟಕಿಯ ಮುಂದೆಯೇ ಅದರ ಸವಾರಿ. ಹಾಗಾಗಿ ಅವರ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಏನೆಂದು ಅವಳ ಗಂಡನಿಗಿಂತ ಮೊದಲೇ ನನಗೆ ಗೊತ್ತಾಗುತ್ತಿತ್ತು.

ಬುಟ್ಟಿಗೆ ನಮ್ಮಲ್ಲಿ ಒಂದು ಕಾನೂನಿದೆ. ಇಳಿದು ಬಂದ ಬುಟ್ಟಿಯನ್ನು ಯಾರೂ ಒಲ್ಲೆ ಎನ್ನುವಂತಿಲ್ಲ. ಹಿಂದಿರುಗುವ ಬುಟ್ಟಿಯನ್ನು ಬರಿದಾಗಿ ಕಳಿಸುವಂತಿಲ್ಲ. ಕತ್ತು ಹಿಸುಕುವಷ್ಟು ಜಗಳವಿದ್ದರೂ ಒಂದು ನಿಂಬೆಹಣ್ಣನ್ನಾದರೂ ಹಾಕಬೇಕು. ಸರ್ಕಾರದ ಕಾನೂನನ್ನು ನಾವು ಹೇಗೆ ಪಾಲಿಸುತ್ತೇವೆ ಎಂಬುದು ಬೇರೆ ಮಾತು. ಇದನ್ನು ಮಾತ್ರ ಮೀರಿದವರಿಲ್ಲ.

ಗಂಡ ಅನಿಯೆಲ್ಲೊ ದರ್ಜಿ. ಮಾತು ಕಡಿಮೆ, ಯಾಕೆಂದರೆ ಆ ಮನೆಯಲ್ಲಿ ಅವನಿಗೆ ಮಾತಾಡಲು ಸಂದು ಸಿಕ್ಕುವುದಿಲ್ಲ. ಆದರೆ ಅವನ ಕೈ! ಅವನು ಹಾಕಿದ ಗಂಟು ಬಿಚ್ಚಿದ್ದನ್ನು ಕಂಡವರಿಲ್ಲ. ಕೋಟು ಹರಿದು ಚಿಂದಿಯಾದರೂ ಅವನು ಹೊಲಿದ ಗುಂಡಿ ಇದ್ದಲ್ಲೇ ಇರುತ್ತಿತ್ತು. ನಮ್ಮ ಗಲ್ಲಿಯ ಎಷ್ಟೋ ಹಿರಿಯರು ಆ ಗುಂಡಿಗಳ ಸಮೇತ ದೇವರ ಪಾದ ಸೇರಿದ್ದಾರೆ.

ಇನ್ನು ಜಗಳದ ಕತೆ. ರಫಿಲೀನಾಳ ತಂಗಿ ನುನ್ಸಿಯೆಲ್ಲಾ ಪಲೆರ್ಮೊದ ಸಾರೊ ಎಂಬವನನ್ನು ಮದುವೆಯಾಗಿ ಆ ಊರು ಸೇರಿದಳು. ಒಂದು ಈಸ್ಟರಿಗೆ ತವರಿಗೆ ಬಂದಾಗ ಅಕ್ಕ ಮಾಡಿದ ಪಾಸ್ತಿಯೇರಾ ತಿಂದಳು. ಬೆಂದ ಗೋಧಿ, ಗಿಣ್ಣಿನಂಥ ರಿಕೊತ್ತಾ, ಕಿತ್ತಳೆ ಹೂವಿನ ನೀರು ಹಾಕಿ ಬೇಯಿಸುವ ಆ ಸಿಹಿ ಇಲ್ಲದೆ ನಮ್ಮೂರಲ್ಲಿ ಈಸ್ಟರಿನ ಸೂರ್ಯ ಹುಟ್ಟುವುದಿಲ್ಲ. ತಂಗಿ ಬಾಯೊರೆಸಿಕೊಂಡು, "ಪರವಾಗಿಲ್ಲ ಕಣೇ. ಆದ್ರೂ ನಮ್ಮ ಪಲೆರ್ಮೊದ ಕಸ್ಸಾತಾ ಕೇಕ್ ಮುಂದೆ ಇದು ಸಪ್ಪೆ" ಎಂದಳು.

ಚರ್ಚಿನ ಗಂಟೆ ಅರ್ಧ ಬಾರಿಸಿ ನಿಂತಿತು ಎನ್ನುತ್ತಾರೆ. ನಿಂತದ್ದು ನಿಜ, ನಾನು ಅಲ್ಲೇ ಇದ್ದೆ.

ಆಮೇಲೆ ಅಕ್ಕತಂಗಿಯರ ನಡುವೆ ಮಾತಿಲ್ಲ. ಆದರೆ ಪ್ರತಿ ಈಸ್ಟರಿಗೂ ರಫಿಲೀನಾ ಒಂದು ಪಾಸ್ತಿಯೇರಾ ಹೆಚ್ಚಿಗೆ ಮಾಡುತ್ತಾಳೆ. ಅದನ್ನು ಯಾರೂ ಮುಟ್ಟುವಂತಿಲ್ಲ. ಹಬ್ಬ ಕಳೆದ ಮೇಲೆ ಅದನ್ನು ಗಲ್ಲಿಗೆ ಹಂಚುವಾಗ ಅವಳ ಕಣ್ಣು ಒದ್ದೆಯಾಗಿರುತ್ತದೆ. ಈರುಳ್ಳಿ ಹೆಚ್ಚಿದೆ ಎನ್ನುತ್ತಾಳೆ. ಸಿಹಿ ಹಂಚುವಾಗ ಈರುಳ್ಳಿ ಹೆಚ್ಚುವವರು ಯಾರು? ನಾವು ಕೇಳುವುದಿಲ್ಲ.

ಹೀಗಿರುವಾಗ ರಫಿಲೀನಾಳ ಮಗಳು, ಅಪ್ಪ ಅಮ್ಮನ ಮದುವೆಗೆ ಐವತ್ತು ತುಂಬಿತೆಂದು, ಈಸ್ಟರ್ ಮುಗಿದ ಮಾರನೇ ವಾರಕ್ಕೆ ಹಡಗಿನ ಪ್ರವಾಸದ ಟಿಕೇಟು ತಂದುಕೊಟ್ಟಳು. ಅವರು ಹೊರಟರೆಂದು ಗಲ್ಲಿಯ ಒಂದು ದಂಡು ಬೆನ್ನು ಹತ್ತಿತು, ಅದರಲ್ಲಿ ನಾನೂ ಒಬ್ಬ. ಮಾರ್ಸೇಲ್ಸ್, ಬಾರ್ಸಿಲೋನಾ, ಟ್ಯೂನಿಸ್, ಕೊನೆಗೆ ಪಲೆರ್ಮೊ, ಅಲ್ಲಿಂದ ಮನೆ.

"ಪಲೆರ್ಮೊನಾ? ಹಂಗಾದ್ರೆ ನಾನು ಬರಲ್ಲ" ಎಂದಳು ರಫಿಲೀನಾ. ಸಂಜೆಯೇ ಹೊಸ ಗೋಧಿ ನೆನೆಹಾಕಿದಳು.

ಬಂದರಿನಲ್ಲಿ ಸಾಮಾನು ಯಂತ್ರದೊಳಗೆ ಹೋಗುವಾಗ ಕಾವಲಿನವನು ತಡೆದ.

"ಅಮ್ಮಾ, ಈ ದುಂಡಗಿರೋದು ಏನು?"

"ಟೋಪಿ."

"ಟೋಪಿ ಒಳಗೆ ಗೋಧಿ ಇದೆಯಲ್ಲ?"

"ಗೋಧಿ ಹುಲ್ಲಿಂದು."

ಅವನು ಬಗ್ಗಿ ಮೂಸಿದ. ಕಣ್ಣುಮುಚ್ಚಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ. "ನಮ್ಮಮ್ಮಾನೂ ಇಂಥದ್ದೇ ಟೋಪಿ ಮಾಡ್ತಿದ್ಲು. ಹೋಗ್ಬನ್ನಿ" ಎಂದ. ಬುಟ್ಟಿಯ ಬಗ್ಗೆ ಕೇಳಲೇ ಇಲ್ಲ. ನಮ್ಮೂರಿನವನಲ್ಲವೇ, ಹೆಂಗಸೊಬ್ಬಳು ಬುಟ್ಟಿ ಬಿಟ್ಟು ಊರು ಬಿಡುತ್ತಾಳೆಯೇ?

ಹಡಗೋ, ಅದೊಂದು ತಾಲ್ಲೂಕು. ಮೂತಿಯಲ್ಲಿ ಮಳೆ ಬರುತ್ತಿದ್ದರೆ ಬಾಲದಲ್ಲಿ ಜನ ಬಿಸಿಲು ಕಾಯುತ್ತಿದ್ದರು. ನಾನು ಗಡ್ಡ ಬೋಳಿಸಿಕೊಂಡು ತಿಂಡಿಗೆ ಹೊರಟರೆ ಊಟದ ಸಾಲೆ ಮುಟ್ಟುವಷ್ಟರಲ್ಲಿ ಮತ್ತೆ ಗಡ್ಡ ಬಂದಿರುತ್ತಿತ್ತು. ಅಲ್ಲಿ ತಿನ್ನುವುದಕ್ಕೆ ಹೊತ್ತುಗೊತ್ತಿಲ್ಲ. ಅನಿಯೆಲ್ಲೊ ಮೊದಲ ದಿನ ತಟ್ಟೆ ಹಿಡಿದು ಸಾಲಿನ ಆ ತುದಿಯಿಂದ ಹೊರಟವನು ಈ ತುದಿಗೆ ಬಂದಾಗ ತನ್ನ ಪ್ಯಾಂಟನ್ನು ತಾನೇ ಎರಡು ಸಲ ಬಿಚ್ಚಿ ಅಗಲ ಮಾಡಿ ಹೊಲಿದುಕೊಂಡಿದ್ದ. ಕಾಫಿಯ ವಿಷಯ ಎತ್ತುವುದು ಬೇಡ. ಅದನ್ನು ಕುಡಿದ ನಮ್ಮ ದಂಡಿನವರು ಜೀವರಕ್ಷಕ ಅಂಗಿ ಎಲ್ಲಿದೆ ಎಂದು ವಿಚಾರಿಸಿದರು.

ನಮ್ಮ ಕೋಣೆಗಳು ಒಂಬತ್ತನೇ ಮಹಡಿಯಲ್ಲಿ, ಅವರ ಬಾಲ್ಕನಿಗೆ ತಾಗಿಕೊಂಡೇ ನನ್ನದು. ರಫಿಲೀನಾ ಸಮುದ್ರ ನೋಡಲಿಲ್ಲ, ಎರಡು ಬಾಲ್ಕನಿಗಳ ನಡುವಿನ ಜಾಗ ನೋಡಿದಳು. ಮಾರ್ಸೇಲ್ಸ್ ಬರುವಷ್ಟರಲ್ಲಿ ಅವರ ಕಂಬಿಯಿಂದ ನನ್ನ ಕಂಬಿಗೆ ಹಗ್ಗ ಎಳೆದು ಬಟ್ಟೆ ಒಣಹಾಕಿ ಆಗಿತ್ತು. ಅನಿಯೆಲ್ಲೊನ ಒಳಚಡ್ಡಿಗಳು ಧ್ವಜದಂತೆ ಹಾರುತ್ತಾ ಫ್ರಾನ್ಸ್ ದೇಶವನ್ನು ಪ್ರವೇಶಿಸಿದವು. ಪರೋದಿ ಎಂಬ ಹಡಗಿನ ಅಧಿಕಾರಿ, ಜಿನೋವಾ ಊರಿನವನು, ಓಡಿಬಂದ.

"ಸಿನ್ಯೋರಾ, ಇದು ಹಡಗು!"

"ಗೊತ್ತಪ್ಪ. ಅದಕ್ಕೇ ಎಷ್ಟು ಚೆನ್ನಾಗಿ ಗಾಳಿ! ನಮ್ಮ ಗಲ್ಲೀಲಿ ಒಣಗೋಕೆ ಎರಡು ದಿನ ಬೇಕು. ನಿನ್ನ ಅಂಗೀನೂ ಬಿಚ್ಚಿಕೊಡು, ಕಾಲರ್ ಕೊಳೆಯಾಗಿದೆ."

ಪರೋದಿ ಕಾಲರ್ ಮುಟ್ಟಿ ನೋಡಿಕೊಂಡು ಹೊರಟುಹೋದ.

ಬಾರ್ಸಿಲೋನಾದಲ್ಲಿ ನಾವೆಲ್ಲ ಇಳಿದೆವು, ಅವಳು ಇಳಿಯಲಿಲ್ಲ. "ಬ್ರೆಡ್ಡಿಗೇ ಇಳೀದೋಳು ಬಾರ್ಸಿಲೋನಾಗೆ ಇಳೀತೀನಾ?" ಎಂದಳು. ಟ್ಯೂನಿಸಿನಲ್ಲಿ ದಂಡೆಯ ಮೇಲೆ ಕಿತ್ತಳೆ ಮಾರುವವನೊಬ್ಬ ಕಂಡ. ತಕ್ಷಣ ಬುಟ್ಟಿ ಇಳಿಬಿಟ್ಟಳು. ಆದರೆ ಹಗ್ಗ ನಮ್ಮ ಗಲ್ಲಿಯ ನಾಲ್ಕು ಮಹಡಿಗೆ ಅಳೆದದ್ದು. ಬುಟ್ಟಿ ಅರ್ಧ ದಾರಿಯಲ್ಲಿ ತೂಗಾಡಿತು. ಆ ಪುಣ್ಯಾತ್ಮ ನಗುತ್ತಾ ಹಣ್ಣುಗಳನ್ನು ಒಂದೊಂದಾಗಿ ಮೇಲಕ್ಕೆ ಎಸೆದ. ಒಂದು ಬುಟ್ಟಿಗೆ ಬಿತ್ತು. ಒಂದು ಯಾರದೋ ಕಾಫಿಗೆ ಬಿದ್ದು ಆ ಕಾಫಿಗೆ ಮೊದಲ ಬಾರಿಗೆ ರುಚಿ ಬಂತು.

ಅಷ್ಟೂ ದಿನ ಆ ಪಾಸ್ತಿಯೇರಾ ಕಪಾಟಿನಲ್ಲಿತ್ತು. ಅನಿಯೆಲ್ಲೊ ಕೈ ಚಾಚಿದರೆ, "ಮುಟ್ಟಬೇಡ, ಅದು ಆಪತ್ತಿಗೆ ಇಟ್ಟಿದ್ದು" ಎನ್ನುತ್ತಿದ್ದಳು. ಯಾವ ಆಪತ್ತೆಂದು ನಮಗೆಲ್ಲ ಗೊತ್ತಿತ್ತು. ಅದು ಪಲೆರ್ಮೊದಲ್ಲಿ ವಾಸವಾಗಿತ್ತು.

ಕೊನೆಗೆ ಪಲೆರ್ಮೊ ಬಂತು. ಹಡಗು ಸಂಜೆ ಹೊರಡುವುದು. ಕೆಳಗೆ ಹಡಗಿನ ಹಗ್ಗಗಳನ್ನು ಹಿಡಿದು ದಂಡೆಗೆ ಬಿಗಿಯುತ್ತಿದ್ದವನು ಸಾಕ್ಷಾತ್ ಸಾರೊ. ಅವನ ಕೆಲಸವೇ ಅದು. ಅವನಿಗೆ ಬುತ್ತಿ ತರುವ ನೆಪದಲ್ಲಿ ನುನ್ಸಿಯೆಲ್ಲಾ ಬಂದಿದ್ದಳು, ಅಕ್ಕ ಬರುವ ಸುದ್ದಿಯನ್ನು ರಫಿಲೀನಾಳ ಮಗಳೇ ಮುಟ್ಟಿಸಿದ್ದಿರಬೇಕು. ಬುತ್ತಿ ಕೊಟ್ಟವಳು ಹೋಗಲಿಲ್ಲ. ಕುರ್ಚಿ ಹಾಕಿಸಿಕೊಂಡು, ಹಡಗಿಗೆ ಬೆನ್ನು ಮಾಡಿ, ತೊಡೆಯ ಮೇಲೊಂದು ಡಬ್ಬಿ ಇಟ್ಟುಕೊಂಡು ಕೂತಳು. ಮೇಲೆ ರಫಿಲೀನಾ ದಂಡೆಗೆ ಬೆನ್ನು ಮಾಡಿ ಕೂತಳು.

"ಅನಿಯೇ," ಎಂದಳು ಗಂಡನಿಗೆ, ಇಡೀ ಸಿಸಿಲಿ ದ್ವೀಪಕ್ಕೆ ಕೇಳುವಂತೆ, "ಕೆಳಗೆ ಯಾರೋ ಕೂತಿದ್ದಾರಲ್ಲ, ಅವರಿಗೆ ಹೇಳು. ನಾನು ದೊಡ್ಡೋಳು. ಚಿಕ್ಕೋರು ಬಂದು ಕಾಲಿಗೆ ಬೀಳ್ಬೇಕು."

ಅನಿಯೆಲ್ಲೊ ಬಾಯಿ ತೆರೆಯುವ ಮೊದಲೇ ಕೆಳಗಿನಿಂದ ಉತ್ತರ ಬಂತು. ಗಂಟಲು ವಂಶದ್ದು. "ಸಾರೋ, ಮೇಲಿನೋರಿಗೆ ಹೇಳು. ಇದು ನಮ್ಮೂರು. ಊರಿಗೆ ಬಂದೋರು ಮನೆ ಬಾಗಿಲಿಗೆ ಬರ್ಬೇಕು. ನೆಂಟರನ್ನ ಹಡಗಿಂದ ಎತ್ತಿ ಇಳಿಸ್ಕೊಳ್ಳೋ ಪದ್ಧತಿ ನಮ್ಮಲ್ಲಿಲ್ಲ!"

"ಅನಿಯೇ, ನನ್ನ ಮೊಣಕಾಲು ನೋಯ್ತಿದೆ ಅಂತ ಹೇಳು!"

"ಸಾರೋ, ಹಡಗಲ್ಲಿ ಲಿಫ್ಟ್ ಇದೆ ಅಂತ ಹೇಳು!"

"ಏನಮ್ಮಾ ಇಬ್ರೂ, ನಮ್ಮನ್ನ ಟಪಾಲಿನೋರು ಅನ್ಕೊಂಡಿದ್ದೀರಾ?" ಎಂದು ಸಾರೊ ಕೆಳಗಿನಿಂದ ಕೂಗಿದ.

ಇಬ್ಬರದ್ದೂ ನ್ಯಾಯವೇ. ಅದೇ ತೊಂದರೆ. ಮಧ್ಯಾಹ್ನ ಕಳೆಯಿತು. ಬಾಲ್ಕನಿಗಳಲ್ಲಿ ಜನ ತುಂಬಿದರು. ಊರು ನೋಡಲು ಇಳಿದವರೂ ಇದಕ್ಕಿಂತ ಚೆಂದದ್ದು ಪಲೆರ್ಮೊದಲ್ಲಿ ಇಲ್ಲವೆಂದು ಹಿಂದಿರುಗಿದರು. ಬಿಸಿಲು ಇಳಿಯುತ್ತಾ ಬಂದಂತೆ ರಫಿಲೀನಾಳ ಮುಖವೂ ಇಳಿಯಿತು. "ವಯಸ್ಸಾಯ್ತು ಕಣೋ ತತೊನ್ನೊ," ಎಂದಳು ನನಗೆ ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಇನ್ನೊಂದು ಸಲ ಈ ಕಡೆ ಬರ್ತೀನಾ?"

ಆಗ ಅನಿಯೆಲ್ಲೊ ಮಾತಾಡಿದ. ಐವತ್ತು ವರ್ಷಕ್ಕೆ ಸಿಕ್ಕ ಸಂದು.

"ನೀನು ಇಳಿಯಲ್ಲ, ಅವಳು ಹತ್ತಲ್ಲ. ಬುಟ್ಟಿ ಇಳೀಲಿ. ಬುಟ್ಟೀಗೆ ದೊಡ್ಡೋರು ಚಿಕ್ಕೋರು ಅಂತ ಇದೆಯಾ?"

ರಫಿಲೀನಾ ಗಂಡನನ್ನು ಹೊಸಬನನ್ನು ನೋಡುವಂತೆ ನೋಡಿದಳು. ಕಪಾಟಿನಿಂದ ಪಾಸ್ತಿಯೇರಾ ಬಂತು. ಬಟ್ಟೆ ಒಣಹಾಕಿದ ಹಗ್ಗ ಬಿಚ್ಚಿ ಬುಟ್ಟಿಯ ಹಗ್ಗಕ್ಕೆ ಸೇರಿಸಿದರೂ ಸಾಲಲಿಲ್ಲ. ಎಂಟನೇ ಮಹಡಿಯ ಜರ್ಮನ್ ದಂಪತಿ ಸ್ನಾನದ ನಿಲುವಂಗಿಯ ಸೊಂಟಪಟ್ಟಿ ಕೊಟ್ಟರು. ಏಳನೆಯದರಿಂದ ಫ್ರೆಂಚ್ ಅಜ್ಜಿಯೊಬ್ಬಳ ರೇಷ್ಮೆ ಶಾಲು ಬಂತು. ಯಾರೋ ಟೈ ಕೊಟ್ಟರು, ಯಾರೋ ನಾಯಿ ಕಟ್ಟುವ ಪಟ್ಟಿ ಕೊಟ್ಟರು, ಹಡಗಿನಲ್ಲಿ ನಾಯಿಯೇ ಇರಲಿಲ್ಲ. ಅನಿಯೆಲ್ಲೊ ಕೂತು ಒಂದೊಂದಕ್ಕೂ ಗಂಟು ಹಾಕಿದ. ಪರೋದಿ ಮತ್ತೆ ಓಡಿಬಂದ.

"ಹಡಗಿಂದ ಏನನ್ನೂ ಇಳಿಬಿಡೋ ಹಾಗಿಲ್ಲ ಸಿನ್ಯೋರಾ!"

"ಸುಮ್ನೆ ನಿಂತ್ಕೊಂಡು ಕೂಗೋ ಬದಲು ಈ ತುದಿ ಹಿಡ್ಕೋ. ಜಿನೋವಾದೋನು ನೀನು, ಕೈಗೆ ಬಂದದ್ದು ಬಿಡಲ್ಲ ಅಂತ ಕೇಳಿದ್ದೀನಿ."

ಪರೋದಿ ಹಿಡಿದ. ಬುಟ್ಟಿ ಇಳಿಯಿತು. ಮಹಡಿ ಮಹಡಿಯಲ್ಲೂ ಕೈಗಳು ಚಾಚಿದವು. "ಮುಟ್ಟೀರಾ ಜೋಕೆ!" ಎಂಬ ಗರ್ಜನೆಗೆ ಅವೆಲ್ಲ ಆಮೆಯ ತಲೆಯಂತೆ ಒಳಹೋದವು. ಕೆಳಗೆ ಬುಟ್ಟಿ ನುನ್ಸಿಯೆಲ್ಲಾಳ ಕಾಲ ಬುಡದಲ್ಲಿ ಕೂತಿತು. ಅವಳೂ ನಮ್ಮ ಗಲ್ಲಿಯಲ್ಲಿ ಹುಟ್ಟಿದವಳು. ಇಳಿದು ಬಂದ ಬುಟ್ಟಿಯನ್ನು ಒಲ್ಲೆ ಎನ್ನುವಂತಿಲ್ಲ. ತಿರುಗಿದಳು, ಒಂದು ತುಂಡು ಮುರಿದು ಬಾಯಿಗಿಟ್ಟಳು.

ಬಾಲ್ಕನಿಗಳಲ್ಲಿದ್ದವರೆಲ್ಲ ಕತ್ತು ಚಾಚಿದರು. ಸಮುದ್ರ ಕೂಡ ಅಲೆಯನ್ನು ಎತ್ತಿದಲ್ಲೇ ಹಿಡಿದುಕೊಂಡಿತ್ತು.

"ಕಿತ್ತಳೆ ಹೂವಿನ ನೀರು ಜಾಸ್ತಿ ಆಯ್ತು!" ಎಂದಳು.

ನಾನು ಎದೆ ಹಿಡಿದುಕೊಂಡೆ. ಆದರೆ ರಫಿಲೀನಾ ಕಂಬಿಯ ಮೇಲೆ ಬಾಗಿ ನಗತೊಡಗಿದಳು. ನಗುತ್ತಾ, ಈರುಳ್ಳಿ ಇಲ್ಲದೆಯೇ ಕಣ್ಣೊರೆಸಿಕೊಳ್ಳುತ್ತಾ, ಗಂಡನನ್ನು ನಡುವೆ ತರದೆ ನೇರವಾಗಿ ಕೂಗಿದಳು: "ನುನ್ಸಿಯೇ! ಅಮ್ಮಾನೂ ಹಂಗೇ ಅಂತಿದ್ಲು ಕಣೇ!"

"ಪ್ರತೀ ವರ್ಷ ಅಂತಿದ್ಲು! ನೀನು ಕೇಳಿದ್ರೆ ತಾನೇ!"

ಹಡಗು ಕೂಗಿತು. ಹೊರಡುವ ಹೊತ್ತು. ನುನ್ಸಿಯೆಲ್ಲಾ ಡಬ್ಬಿಯನ್ನು ಬುಟ್ಟಿಯಲ್ಲಿಟ್ಟಳು. ಒಳಗಿದ್ದದ್ದು ಕಸ್ಸಾತಾ ಎಂದು ಬೇರೆ ಹೇಳಬೇಕೇ. ಕೊನೆಯ ಹಗ್ಗ ಬಿಚ್ಚಬೇಕಿದ್ದ ಸಾರೊ ಅದರ ಮೇಲೆ ಕೂತುಬಿಟ್ಟ. "ಬುಟ್ಟಿ ಮೇಲೆ ಹೋಗ್ಲಿ, ಆಮೇಲೆ ನಿಮ್ಮ ಹಡಗು" ಎಂದ. ಸಾವಿರಾರು ಜನರ ಹಡಗು ಒಂದು ಸಿಹಿಗಾಗಿ ಕಾದಿತು. ಕೂಗಿ ಕೂಗಿ ಅದರ ಕೊಂಬಿನ ದನಿ ಒಡೆಯಿತು. ಬುಟ್ಟಿ ಎದ್ದಿತು, ಸಾರೊ ಹಗ್ಗ ಬಿಚ್ಚಿದ. ಬುಟ್ಟಿ ಇನ್ನೂ ನುನ್ಸಿಯೆಲ್ಲಾಳ ತಲೆ ದಾಟಿರಲಿಲ್ಲ, ಫ್ರೆಂಚ್ ಅಜ್ಜಿಯ ಶಾಲಿನ ಗಂಟು ಬಿಚ್ಚಿಕೊಂಡಿತು. ಬುಟ್ಟಿ ಸೀದಾ ತಂಗಿಯ ಮಡಿಲಿಗೆ. ಮೇಲೆ ಅಕ್ಕನ ಕೈಯಲ್ಲಿ ಉಳಿದದ್ದು ಬರೀ ಹಗ್ಗದ ಬಾಲ.

"ನನ್ನ ಬುಟ್ಟಿ!" ಎಂದು ಕೂಗಿದಳು ರಫಿಲೀನಾ. ಹಡಗು ದಂಡೆ ಬಿಟ್ಟಿತ್ತು.

ನಾನು ಅನಿಯೆಲ್ಲೊನ ಕಡೆ ನೋಡಿದೆ. ಸತ್ತವರ ಕೋಟಿನಲ್ಲೂ ಬಿಚ್ಚದ ಗಂಟು ಹಾಕುವವನು ಆಕಾಶ ನೋಡುತ್ತಿದ್ದ. "ರೇಷ್ಮೆ ನೋಡು, ಜಾರುತ್ತೆ" ಎಂದ.

ಬುಟ್ಟಿಯಿಲ್ಲದ ನಾಲ್ಕನೇ ಮಹಡಿ ಎಂದರೆ ದ್ವೀಪ. ಊರಿಗೆ ಬಂದ ಮೇಲೆ ರಫಿಲೀನಾ ಮಾರುಕಟ್ಟೆಯಿಂದ ಹೊಸ ಬುಟ್ಟಿ ತರಿಸಲು ಒಪ್ಪಲಿಲ್ಲ. ಬ್ರೆಡ್ಡಿನವನು ಕೆಳಗೆ, ಅವಳು ಮೇಲೆ, ನಡುವೆ ಅನಿಯೆಲ್ಲೊ ಮೆಟ್ಟಿಲು ಹತ್ತಿ ಇಳಿದು ಹಡಗಿನಲ್ಲಿ ಬೆಳೆಸಿದ ಹೊಟ್ಟೆ ಕರಗಿಸಿದ. ದೂರುವ ಹಾಗಿರಲಿಲ್ಲ, ಗಂಟು ಅವನದ್ದೇ.

ಒಂದು ಬೆಳಿಗ್ಗೆ ಗಲ್ಲಿಯ ಬುಡದಿಂದ ಕೂಗು ಕೇಳಿತು. ವೆಸೂವಿಯಸ್ ಈ ಸಲ ಎದ್ದೇ ಕೂತಿರಬೇಕು.

"ರಫಿಲೀನಾ! ನಿನ್ನ ಬುಟ್ಟಿ ತಂದಿದ್ದೀನಿ! ಹಗ್ಗ ಇಳಿಸೇ!"

ಹಗ್ಗ ಇಳಿಯಲಿಲ್ಲ. ಮೇಲೆ ಬಾಗಿಲು ತೆರೆದ ಸದ್ದು, ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಕೆಳಗಿನಿಂದಲೂ ಚಪ್ಪಲಿಯ ಸದ್ದು. ನಾನು ಬಾಗಿಲು ತೆಗೆಯುವಷ್ಟರಲ್ಲಿ ಬಾರ್ಸಿಲೋನಾಗೆ ಇಳಿಯದವಳು ಎರಡು ಮಹಡಿ ಇಳಿದಿದ್ದಳು, ಕಾಲಿಗೆ ಬೀಳದವಳು ಎರಡು ಮಹಡಿ ಹತ್ತಿದ್ದಳು. ಇಬ್ಬರೂ ನನ್ನ ಹೊಸ್ತಿಲ ಮುಂದೆ ಏದುಸಿರು ಬಿಡುತ್ತಾ, ಬುಟ್ಟಿಯನ್ನು ನಡುವೆ ಜಜ್ಜಿಕೊಂಡು, ತಬ್ಬಿ ನಿಂತಿದ್ದರು.

ಬುಟ್ಟಿಯಲ್ಲಿ ಕಸ್ಸಾತಾ ಇತ್ತು, ಖಾಲಿ ಕಳಿಸುವಂತಿಲ್ಲವಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು ಮೂವರೂ ತಿಂದೆವು. ರಫಿಲೀನಾ ಬಾಯೊರೆಸಿಕೊಂಡು, "ಸಕ್ಕರೆ ಜಾಸ್ತಿ" ಎಂದಳು, ಇನ್ನೊಂದು ತುಂಡು ತೆಗೆದುಕೊಂಡಳು.

ಈಗ ಅವರು ಮಾತಾಡುತ್ತಾರೆ, ದಿನವೂ, ಫೋನಿನಲ್ಲಿ. ಆ ಕಂಠಗಳಿಗೆ ಫೋನು ಯಾಕೆ ಬೇಕೋ ನನಗೆ ತಿಳಿಯದು. ವಿಷಯ ಒಂದೇ: ಅವತ್ತು ಒಂದು ಮೆಟ್ಟಿಲು ಹೆಚ್ಚು ನಡೆದವರು ಯಾರು. ಸಾಕ್ಷಿ ಹೇಳು ಎಂದು ಇಬ್ಬರೂ ನನ್ನನ್ನು ಪೀಡಿಸುತ್ತಾರೆ. ನಾನು ಹೇಳುವುದಿಲ್ಲ. ಈ ಈಸ್ಟರಿಗೆ ನನ್ನ ಕಿಟಕಿಯ ಮುಂದೆ ನಿಂತ ಬುಟ್ಟಿಯಲ್ಲಿ ಪಾಸ್ತಿಯೇರಾದ ಒಂದು ದೊಡ್ಡ ತುಂಡಿತ್ತು. ಪಲೆರ್ಮೊದಿಂದಲೂ ನನ್ನ ಹೆಸರಿಗೆ ಒಂದು ಡಬ್ಬಿ ಹಡಗೇರಿದೆಯಂತೆ.