ಬೋಣಿಗೆ ಮುಂಚಿನ ಕೆಂಪು ಚುಕ್ಕೆ

ಫೋನ್ ಬಂದಾಗ ಅಂಗಡಿಯ ಶಟರ್ ಎತ್ತಿ ಹತ್ತು ನಿಮಿಷವೂ ಆಗಿರಲಿಲ್ಲ. ಊದುಬತ್ತಿ ಅರ್ಧ ಉರಿದಿತ್ತು.

"ಅಣ್ಣಾ, ಮೂರೂ ಹಸರ ಅದಾವೇನು?" ತಂಗಿ ಗಿರಿಜಾ ಕೇಳಿದಳು.

ಎದುರಿನ ಕಂಪ್ಯೂಟರಿನಲ್ಲಿ ಎರಡು ಚುಕ್ಕೆ ಹಸಿರು, ಒಂದು ಕೆಂಪು. ನನಗೆ ಚೆನ್ನಾಗಿ ಕಾಣುತ್ತಿತ್ತು. (ಕನ್ನಡಕ ಕೂಡ ಹಾಕಿದ್ದೆ.)

"ಎಲ್ಲಾ ಸರಿ ಐತೆವಾ."

"ಖರೇನ?"

"ಖರೇ ಅಂದ್ರ ಖರೇ. ಗಿರಾಕಿ ಬಂದಾರ, ಇಡು."

ಇಟ್ಟಳು. ಅಷ್ಟೇ ನಡೆದದ್ದು. ಅರ್ಧ ನಿಮಿಷದ ಮಾತು. ಆ ಅರ್ಧ ನಿಮಿಷ ಇವತ್ತಿಗೂ ನನ್ನ ಎದೆಯ ಮೇಲೆ ಕೂತಿದೆ.

ಮಕ್ತಲಿನಲ್ಲಿ ಸೀರೆ ಮಾರುವ ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಎಂದು ವಾರವಾರ ಈ ಅಂಕಣ ಓದುವ ನಿಮಗೆ ಗೊತ್ತು. ಗಿರಿಜಾ ಹಾಗಲ್ಲ. ನಾರಾಯಣಪೇಟೆಯ ಶಾಲೆಯೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ. ನಮ್ಮ ಕಡೆಯ ಸೀರೆಗಳ ಅಂಚು, ಸೆರಗು ಎಲ್ಲ ಮೊದಲು ಚೌಕಳಿ ಹಾಳೆಯ ಮೇಲೆ ಹುಟ್ಟುತ್ತವೆ. ಹಾಳೆಗೆ ಹುಳ ಬೀಳುತ್ತದೆ, ಬರೆದವನು ಒಂದು ದಿನ ಹೋಗಿಬಿಡುತ್ತಾನೆ. ಹಾಗಾಗಿ ನೇಕಾರರ ಮನೆಮನೆಯ ಹಾಳೆಗಳನ್ನೂ ಕಂಪ್ಯೂಟರಿಗೆ ಸೇರಿಸೋಣ ಎಂದು ಹೊರಟವಳು ಅವಳೇ.

ಒಂದೇ ಕಂಪ್ಯೂಟರಿನಲ್ಲಿ ಇಟ್ಟರೆ? ಅದು ಸತ್ತರೆ ಎಲ್ಲ ಸತ್ತಂತೆ. ಅದಕ್ಕೆ ಮೂರು ಊರು. ನಾರಾಯಣಪೇಟೆಯಲ್ಲಿ ಅವಳ ಕೋಣೆ, ಮಕ್ತಲಿನಲ್ಲಿ ನನ್ನ ಅಂಗಡಿ, ಗದ್ವಾಲದಲ್ಲಿ ನೇಯುವ ನಾಗಮ್ಮನವರ ಮನೆ. ಒಂದೊಂದು ಡಿಸೈನನ್ನೂ ಮೂರು ತುಂಡು ಮಾಡಿ ಮೂರೂರಿಗೆ ಹಂಚುತ್ತದಂತೆ ಅವಳ ಪ್ರೋಗ್ರಾಂ; ಪೂರ್ತಿ ಡಿಸೈನು ಒಂದೇ ಕಡೆ ಉಳಿಯುವುದಿಲ್ಲ. ಯಾವ ಎರಡು ಊರಿನ ತುಂಡು ಸಿಕ್ಕರೂ ಪೂರ್ತಿ ಅಂಚು ಮತ್ತೆ ಕಟ್ಟಬಹುದು. ಒಂದೇ ಊರಿನ ತುಂಡು ಉಳಿದರೆ ಕಸ.

ಮೂರೂ ಊರು ಉಸಿರಾಡುತ್ತಿವೆಯೇ ಎಂದು ತೋರಿಸಲು ಒಂದು ಸ್ಟೇಟಸ್ ಪೇಜ್. ಅದು ತೆರೆಯುವುದು ನನ್ನ ಅಂಗಡಿಯಲ್ಲಿ ಮಾತ್ರ. ದಿನಾ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಅವಳು ಕೇಳಬೇಕು, ನಾನು ನೋಡಿ ಹೇಳಬೇಕು. ಅಷ್ಟೇ ನನ್ನ ಡ್ಯೂಟಿ. ಏಳನೇ ಕ್ಲಾಸಿನವನಿಗೂ ಬಣ್ಣ ಗೊತ್ತಾಗುತ್ತದಲ್ಲ?

ಮತ್ತೆ ಸುಳ್ಳು ಯಾಕೆ ಹೇಳಿದೆ?

ಬೋಣಿ ಆಗಿರಲಿಲ್ಲ.

ನಗಬೇಡಿ. ಅಂಗಡಿ ಇಟ್ಟವರಿಗೆ ಇದು ಗೊತ್ತು. ದಿನದ ಮೊದಲ ವ್ಯಾಪಾರ ಆಗುವ ತನಕ ನಮ್ಮ ಬಾಯಲ್ಲಿ 'ಇಲ್ಲ', 'ಕೆಟ್ಟಿದೆ', 'ಮುಗಿದಿದೆ' ಬರಬಾರದು. ಕೇಳಿದ ಬಣ್ಣ ಇಲ್ಲದಿದ್ದರೂ "ಬರ್ತೈತ್ರಿ, ಕುಂದರ್ರಿ" ಅನ್ನಬೇಕು. ಅಪ್ಪ ಕಲಿಸಿದ್ದು. ಗಿರಿಜಾಳ ಫೋನ್ ಬರುವುದು ದಿನಾ ಬೋಣಿಗೆ ಮುಂಚೆಯೇ. ಗದ್ವಾಲದ ಚುಕ್ಕೆ ಕೆಂಪಾದ ಮೊದಲ ದಿನ 'ಸರಿ ಐತಿ' ಎಂದೆ. ಬೋಣಿ ಆದ ಮೇಲೆ ನಾನೇ ಫೋನ್ ಮಾಡಿ ಹೇಳಿದರಾಯಿತು ಎಂದುಕೊಂಡೆ. ಗಿರಾಕಿ ಬಂದರು, ಚಹಾ ಬಂತು, ಮಧ್ಯಾಹ್ನ ಬಂತು. ಎರಡನೇ ದಿನವೂ ಹಾಗೇ. ಮೂರನೇ ದಿನ ಹೇಳಿದ್ದರೆ 'ನಿನ್ನೆ ಮೊನ್ನೆ ಯಾಕ ಹೇಳಲಿಲ್ಲ' ಅನ್ನುತ್ತಿದ್ದಳು. ಅದಕ್ಕೆ ಹೇಳಲಿಲ್ಲ.

ಹೀಗೆ ಹತ್ತು ದಿನ.

ಆ ಹತ್ತು ದಿನದ ನಡುವೆ ಒಂದು ಬೆಳಿಗ್ಗೆ ನಾಗಮ್ಮನವರೇ ಗದ್ವಾಲದಿಂದ ಮೊದಲ ಬಸ್ಸಿಗೆ ಬಂದರು. ಹೋದ ವರ್ಷ ತೀರಿಕೊಂಡ ಅವರ ಯಜಮಾನರು ಬರೆದ ಒಂಬತ್ತು ಹಾಳೆ, ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು. ಮುಟ್ಟಿದರೆ ಅಂಚು ಉದುರುತ್ತಿತ್ತು. ಗಿರಿಜಾ ಕಲಿಸಿದಂತೆ ನಾನೇ ಒಂದೊಂದಾಗಿ ಸ್ಕ್ಯಾನ್ ಮಾಡಿದೆ.

"ತಮ್ಮಾ, ಮೂರೂರಾಗ ಭದ್ರ ಕುಂತಾವಲ್ಲ?" ನಾಗಮ್ಮ ಕೇಳಿದರು. "ವರ್ಷದ ಕಾರ್ಯ ಐತಿ. ಅವರ ಪೆನ್ಸಿಲ್ಲು, ಸ್ಕೇಲು, ಈ ಹಾಳಿ, ಎಲ್ಲಾ ಹೊಳ್ಯಾಗ ಕೃಷ್ಣವ್ವಗ ಬಿಡಬೇಕಂತೀನಿ. ಮನ್ಯಾಗ ಇಟ್ರ ಹುಳದ ಪಾಲು."

ಅವರ ಹಿಂದೆಯೇ ಪರದೆ. ಗದ್ವಾಲದ ಚುಕ್ಕೆ ಕೆಂಪು. ಗದ್ವಾಲದ ಯಂತ್ರ ಇರುವುದು ಇವರದೇ ಮನೆಯಲ್ಲಿ. 'ಅಕ್ಕಾ, ನಿಮ್ಮನಿ ಮಷೀನ್ ಬಂದ್ ಆಗೈತಿ, ಹೋಗಿ ನೋಡ್ರಿ' ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದನ್ನು ಸರಿಮಾಡಬಲ್ಲ ಒಬ್ಬರೇ ಒಬ್ಬರು ನನ್ನ ಚಾಪೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು!

ಬೋಣಿ ಆಗಿರಲಿಲ್ಲ.

"ಬಿಡ್ರಿ ಅಕ್ಕಾ. ಮೂರೂರಾಗ ಅದಾವ" ಎಂದೆ.

ಹತ್ತನೇ ದಿನದ ಫೋನ್ ಕರೆಯನ್ನು ಮೊದಲೇ ಹೇಳಿದೆ. ಅವತ್ತು ಅವಳು 'ಖರೇನ' ಎಂದು ಎರಡನೇ ಸಲ ಯಾಕೆ ಕೇಳಿದಳು ಎನ್ನುವುದು ನನಗೆ ಸಂಜೆ ತಿಳಿಯಿತು. ನಾರಾಯಣಪೇಟೆಯ ಡಿಸ್ಕ್ ತಕರಾರು ಮಾಡುತ್ತಿತ್ತು. ಅದನ್ನು ಪೂರ್ತಿ ಅಳಿಸಿ, ಉಳಿದೆರಡು ಊರಿನ ತುಂಡುಗಳಿಂದ ಹೊಸದಾಗಿ ತುಂಬಬೇಕಿತ್ತು. ನನ್ನ ಮಾತು ಕೇಳಿ ಅಳಿಸಿದಳು.

"ಅಣ್ಣಾ, ಗದ್ವಾಲ್ ಮಾತಾಡವಲ್ದು" ಎಂದು ಫೋನ್ ಮಾಡಿದಳು. ತುಂಬಿ ಕೊಡಬೇಕಾಗಿದ್ದ ಎರಡು ಊರಲ್ಲಿ ಒಂದು ಸತ್ತಿತ್ತು. ಉಳಿದದ್ದು ಮಕ್ತಲ್ ಒಂದೇ.

ಸ್ಕೂಟಿಯಲ್ಲಿ ಬಂದಳು. ನಾನು ಶಟರ್ ಎಳೆದು ಹಿಂದೆ ಕೂತೆ. ಆತ್ಮಕೂರು ದಾಟಿ ಜೂರಾಲ ಡ್ಯಾಮಿನ ಮೇಲೆ ಹೋಗುವಾಗ ಕೆಳಗೆ ನೀರು ಭೋರೆನ್ನುತ್ತಿತ್ತು. ವರ್ಷದ ಕಾರ್ಯ ಆಗಲೇ ಮುಗಿದಿತ್ತು, ನಾಗಮ್ಮನವರ ಒಂಬತ್ತು ಹಾಳೆ ಈ ಕೃಷ್ಣೆಯೊಳಗೇ ಎಲ್ಲೋ ಇದ್ದವು. ನಾನು ನೀರಿನ ಕಡೆ ನೋಡಲಿಲ್ಲ. ದಾರಿಯುದ್ದಕ್ಕೂ ಗಿರಿಜಾ ಆಡಿದ್ದು ಒಂದೇ ಮಾತು.

"ನನ್ನ ಪೇಜೇ ಸುಳ್ಳು ತೋರಿಸೈತಿ ಅಣ್ಣಾ. ಹಳೇ ಹಸರನ್ನೇ ಹಿಡ್ಕೊಂಡು ಕುಂತಿರಬೇಕು. ನಿಂದೇನೂ ತಪ್ಪಿಲ್ಲ."

ಆಗ ಹೇಳಬಹುದಿತ್ತು. ಹೇಳಲಿಲ್ಲ.

ಗದ್ವಾಲದ ಮನೆಗೆ ಹೊಸ ಸುಣ್ಣದ ವಾಸನೆ. ಮಗ್ಗದ ಪಕ್ಕದಲ್ಲಿ ನಮ್ಮ ಯಂತ್ರ ಹಳೇ ಸೀರೆಯಲ್ಲಿ ಸುತ್ತಿಟ್ಟ ಕೂಸಿನ ಹಾಗೆ ಮಲಗಿತ್ತು. ಪ್ಲಗ್ ಕಿತ್ತಿತ್ತು.

"ಕಾರ್ಯಕ್ಕಂತ ಸುಣ್ಣ ಹಚ್ಚಿಸಿದ್ನೆವಾ" ಎಂದರು ನಾಗಮ್ಮ. "ಒಂದ್ ಹನಿ ಸಿಡೀಬಾರ್ದಂತ ನಾನೇ ಸುತ್ತಿಟ್ಟೆ. ಏನಾರ ಕೆಡ್ತೇನು?"

ಗಿರಿಜಾ ಪ್ಲಗ್ ಹಾಕಿ ನೆಲದ ಮೇಲೆ ಕೂತಳು. ನಾನು ಬಾಗಿಲಿಗೆ ಒರಗಿ ನಿಂತೆ. ಮಕ್ತಲಿನ ತುಂಡು, ಗದ್ವಾಲದ ತುಂಡು ಒಂದೊಂದಾಗಿ ಸೇರತೊಡಗಿದವು. ಹಳೆಯ ಅಂಚುಗಳು ಬಂದವು. ರುದ್ರಾಕ್ಷಿ ಅಂಚು ಬಂತು, ಹೂಬಳ್ಳಿ ಬಂತು, ಗೋಪುರ ಬಂತು. ಪ್ರತಿಯೊಂದು ಬಂದಾಗಲೂ ಅವಳ ಭುಜ ಸ್ವಲ್ಪ ಸಡಿಲವಾಗುತ್ತಿತ್ತು. ಕೊನೆಗೆ ಆ ಒಂಬತ್ತರ ಸರದಿ. ಅವನ್ನು ನಾನು ಸ್ಕ್ಯಾನ್ ಮಾಡಿದ ದಿನ ಗದ್ವಾಲ ಸೀರೆಯೊಳಗೆ ಮಲಗಿತ್ತು, ಹಾಗಾಗಿ ಇಲ್ಲಿಗೆ ಬರಬೇಕಾದ ತುಂಡು ಬಂದೇ ಇರಲಿಲ್ಲ. ನಾರಾಯಣಪೇಟೆಯದು ಅವತ್ತೇ ಅಳಿದಿತ್ತು. ಮಕ್ತಲಿನ ತುಂಡು ಮಾತ್ರ.

ಅಂದರೆ ಕಸ.

ಗಿರಿಜಾಳ ಭುಜ ಮತ್ತೆ ಬಿಗಿಯಾಯಿತು. ತಿರುಗಿ ನನ್ನನ್ನು ನೋಡಿ ಇಲ್ಲ ಎಂದು ತಲೆಯಾಡಿಸಿದಳು. ನಾಗಮ್ಮ ಒಳಗಿನಿಂದ ಮಂಡಕ್ಕಿಯ ಮಂಡಾಳು ತಟ್ಟೆ ಹಿಡಿದು ಬಂದರು.

"ನಮ್ಮನಿಯವರವು ಅದಾವಲ್ಲ ತಮ್ಮಾ?"

ಗಿರಿಜಾ ಪರದೆಯ ಕಡೆ ತಿರುಗಿದಳು. ನಾನು ಬಾಯಿ ತೆರೆದೆ.

"ಅದಾವ್ರಿ ಅಕ್ಕಾ."

ಅವತ್ತು ಬೋಣಿ ಬೆಳಿಗ್ಗೆ ಹತ್ತಕ್ಕೇ ಆಗಿತ್ತು. ಒಳ್ಳೆ ಬೋಣಿ. ಮತ್ತೆ ಯಾಕೆ ಹಾಗೆಂದೆ? ಈ ಪ್ರಶ್ನೆಗೆ ನನ್ನಲ್ಲಿ ಅಪ್ಪ ಕಲಿಸಿದ ಉತ್ತರ ಇಲ್ಲ. ಕೆಟ್ಟ ಸುದ್ದಿ ಹೇಳುವ ಮುಖ ನನ್ನದಾಗಬಾರದು, ಅಷ್ಟೇ. ಬೋಣಿ ಒಂದು ನೆಪವಾಗಿತ್ತು.

ಅಂದಿನಿಂದ ಒಂದು ವಾರ ಗಿರಿಜಾ ಶಾಲೆಯಿಂದ ಬಂದವಳೇ ಕಂಪ್ಯೂಟರಿನ ಮುಂದೆ ಕೂತಳು. ತನ್ನದಲ್ಲದ ತಪ್ಪನ್ನು ತಿದ್ದುತ್ತಿದ್ದಳು. ಮುಗಿದ ಮೇಲೆ ಅಂಗಡಿಗೆ ಬಂದು ಹೊಸ ಪೇಜ್ ತೋರಿಸಿದಳು. ಚುಕ್ಕೆ ಇಲ್ಲ, ಬಣ್ಣ ಇಲ್ಲ. ಸಾಲಿಗೊಂದು ಊರ ಹೆಸರು, ಇದೆ ಅಥವಾ ಇಲ್ಲ, ಎಷ್ಟು ಹೊತ್ತಿನಿಂದ, ಎಷ್ಟು ತುಂಡು ಬಾಕಿ. ಬೋಳು ಬೋಳು.

"ಇದನ್ನ ಯಾರ ನೋಡ್ತಾರವಾ?"

"ಮನಿಷ್ಯಾರು ನೋಡಾಕಲ್ಲಣ್ಣ, ಮಷೀನ್ ಓದಾಕ. ಒಂದೂರು ಇನ್ನೊಂದೂರಿನ ಪೇಜ್ ನಿಮಿಷಕ್ಕೊಮ್ಮೆ ತಾನೇ ಓದತೈತಿ. ಯಾವುದಾರ ಸುಮ್ಮನಾದ್ರ ನನ್ನ ಫೋನ್ ಬಡಕೊಂತೈತಿ. ಮೂರೂ ಹೌದು ಅನ್ನೋತನಕ ಡಿಸ್ಕ್ ಅಳಸಾಕ ಬಿಡೂದೇ ಇಲ್ಲ."

"ಹಂಗಾದ್ರ ನನ್ನ ಕೆಲಸ ಹೋತು ಅನ್ನು."

"ಹೋತು" ಎಂದಳು. ಆಮೇಲೆ ಪರದೆಯಿಂದ ಕಣ್ಣು ತೆಗೆಯದೆ, "ಮಷೀನಿಗೆ ಬೋಣಿ ಗೀಣಿ ಇಲ್ಲ ನೋಡಣ್ಣಾ" ಎಂದಳು.

ನಾನು ಅವಳಿಗೆ ಬೋಣಿಯ ವಿಷಯ ಹೇಳಿರಲಿಲ್ಲ. ಆದರೆ ಅವಳೂ ಅದೇ ಅಪ್ಪನ ಮಗಳಲ್ಲವೇ? ಗೊತ್ತಿದ್ದು ಹೇಳಿದಳೋ, ಸುಮ್ಮನೆ ಹೇಳಿದಳೋ? ಕೇಳುವ ಧೈರ್ಯ ಬರಲಿಲ್ಲ. ಬಂದ ಗಿರಾಕಿಗೆ ಸೀರೆ ಬಿಡಿಸಿದೆ.

ಆ ಪೇಜಿನಲ್ಲಿ ನನಗೆ ಅರ್ಥವಾಗುವುದು ಒಂದೇ ಸಾಲು. ಬಾಕಿ: ಒಂಬತ್ತು. ದಿನಾ ನೋಡುತ್ತೇನೆ. ಯಂತ್ರ ಅದನ್ನು ಮುಚ್ಚಿಡುವುದಿಲ್ಲ, ಹಿತವಾಗುವಂತೆ ತಿದ್ದುವುದೂ ಇಲ್ಲ. ನಮ್ಮ ಮನೆಗಳಲ್ಲಿ 'ಹ್ಯಾಂಗದೀರಿ' ಎಂದು ಕೇಳಿದರೆ ಜ್ವರದಲ್ಲಿ ಮಲಗಿದವನೂ 'ಆರಾಮ' ಅನ್ನುತ್ತಾನೆ. ಅದು ಮರ್ಯಾದೆ ಎಂದುಕೊಂಡಿದ್ದೆ. ಆ ಮರ್ಯಾದೆಯಿಂದ ಎಷ್ಟು ಮನೆಗಳಲ್ಲಿ ಏನೇನು ಅಳಿದುಹೋಗಿದೆಯೋ?

ಸೋಮವಾರ ಶಟರ್ ಎತ್ತುವುದಿಲ್ಲ. ಮೊದಲ ಬಸ್ಸಿಗೆ ಗದ್ವಾಲಕ್ಕೆ ಹೋಗಿ ನಾಗಮ್ಮನವರ ಮುಂದೆ ಕೂತು, 'ಇಲ್ರಿ ಅಕ್ಕಾ, ಅವು ಇಲ್ಲ, ನನ್ನಿಂದ ಹೋದವು' ಎಂದು ಹೇಳುತ್ತೇನೆ. ಅವರು ಏನು ಮಾಡುತ್ತಾರೋ ಗೊತ್ತಿಲ್ಲ. ಬೈದರೆ ಬೈಸಿಕೊಳ್ಳುತ್ತೇನೆ. ಬೈಯದಿದ್ದರೆ ಏನು ಮಾಡಲಿ ಎನ್ನುವುದೇ ಭಯ.

ಅದಕ್ಕಿಂತ ಮುಂಚೆ ಇನ್ನೊಬ್ಬಳಿದ್ದಾಳೆ. ಈ ಅಂಕಣವನ್ನು ನಾನು ಕೈಯಲ್ಲಿ ಬರೆಯುತ್ತೇನೆ. ನನಗೆ ಕೀಬೋರ್ಡ್ ಬರುವುದಿಲ್ಲ. ವಾರವಾರವೂ ಇದನ್ನು ಟೈಪ್ ಮಾಡಿ ಪತ್ರಿಕೆಗೆ ಕಳಿಸುವವಳು ಗಿರಿಜಾ. ಇದು ಅಚ್ಚಾಗಿ ನಿಮ್ಮ ಕೈಗೆ ಬಂದಿದ್ದರೆ, ಅವಳು ಪೂರ್ತಿ ಓದಿದ್ದಾಳೆ ಎಂದು ತಿಳಿಯಿರಿ.

ಗಿರಿಜಾ, ಇಲ್ಲಿತನಕ ಟೈಪ್ ಮಾಡೀದಿ ಏನವಾ?